ಕೇಳಿದಾಗ ಕೊಡ್ತೇನೆ ಅನ್ನುವ ಮಗನಿಗೆ

ಎಲ್ಲರಿಗೂ ನಮಸ್ಕಾರ. ಅಡುಗೆ ಮನೆಯಲ್ಲಿ ರೇಡಿಯೋ ಹಾಕಿಕೊಂಡು ತೆಂಗಿನಕಾಯಿ ತುರಿಯುತ್ತಿರುವ ಅಮ್ಮಂದಿರು, ಬೀಡಿಯ ಗೆರಸೆ ತೊಡೆಯ ಮೇಲಿಟ್ಟು ಕೂತವರು, ಅಂಗಡಿ ಬಾಗಿಲು ತೆರೆದು ಗಿರಾಕಿಗೆ ಕಾಯುತ್ತಿರುವ ಅಪ್ಪಂದಿರು, ನಿಮ್ಮ ಹತ್ತಿರ ಇವತ್ತು ಒಂದೇ ಒಂದು ವಿಷಯ ಹೇಳಬೇಕು. ಮನೆಯಲ್ಲಿ ದುಡಿಯುವ ಮಗನೋ ಮಗಳೋ ಇದ್ದರೆ, ಮನೆ ಖರ್ಚಿಗೆ ಅವರಿಂದ ತಿಂಗಳು ತಿಂಗಳು ಹಣ ತೆಗೆದುಕೊಳ್ಳಿ. ಮೊತ್ತ ನಿಗದಿ ಇರಲಿ, ತಾರೀಕು ನಿಗದಿ ಇರಲಿ. ಇಷ್ಟೇ.

ಇದನ್ನು ಹೇಳಿದ ಕೂಡಲೇ ಜನ ಮುಖ ಸಿಂಡರಿಸುತ್ತಾರೆ. "ಹೆತ್ತ ಮಗನ ಹತ್ತಿರ ಬಾಡಿಗೆ ವಸೂಲಿ ಮಾಡುವುದಾ ಮೇಡಂ?" ಅಂತ ಕೇಳುತ್ತಾರೆ. ಬಾಡಿಗೆ ಅನ್ನಬೇಡಿ, ಯಾರು ಅನ್ನಲು ಹೇಳಿದ್ದು? ಪಾಲು ಅನ್ನಿ. ಅದೇ ಮಗ ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಇದ್ದರೆ ಐದನೇ ತಾರೀಕಿನ ಒಳಗೆ ತುಟಿ ಪಿಟಕ್ಕನ್ನದೆ ದುಡ್ಡು ಕಟ್ಟುತ್ತಾನೆ, ಅಡ್ವಾನ್ಸ್ ಬೇರೆ ಕೊಟ್ಟಿರುತ್ತಾನೆ, ಸಾರು ನೀರಾಗಿದ್ದರೂ ಉಣ್ಣುತ್ತಾನೆ. ಗುರುತು ಪರಿಚಯ ಇಲ್ಲದ ಪಿಜಿ ಮಾಲೀಕರಿಗೆ ಇರುವ ಧೈರ್ಯ ಹೆತ್ತವರಿಗೆ ಯಾಕಿಲ್ಲ?

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವಳು, ಅದರಲ್ಲಿ ಹೆಚ್ಚಿನ ಕಾಲ ಈ ದಕ್ಷಿಣ ಕನ್ನಡದ ಹಳ್ಳಿ ಶಾಖೆಗಳಲ್ಲೇ. ಒಂದು ಮನೆಯ ಕಥೆ ಹೇಳುತ್ತೇನೆ. ಹೆಸರು ಬೇಡ.

ಆ ತಾಯಿ ಬೀಡಿ ಕಟ್ಟುವವರು. ಎಲೆ ಕತ್ತರಿಸಿ ಕತ್ತರಿಸಿ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಕೂತ ಜಾಗ ಕಪ್ಪಾಗಿ ಗಟ್ಟಿ ಆಗಿತ್ತು. ನಮ್ಮ ಕೌಂಟರಿನಲ್ಲಿ ಸಹಿ ಹಾಕುವಾಗ ಪೆನ್ನು ಆ ಜಾಗಕ್ಕೆ ತಾಗದ ಹಾಗೆ ಓರೆ ಹಿಡಿಯುತ್ತಿದ್ದರು. ಒಂದು ದಿನ ಬಂದು ಕುತ್ತಿಗೆಯ ಸರ ತೆಗೆದು ಮೇಜಿನ ಮೇಲಿಟ್ಟರು, ಅಡವಿಡಲು. ಮಳೆಗಾಲ ಹತ್ತಿರ ಬಂದಿತ್ತು, ಮಾಡಿನ ಹಂಚು ಬದಲಿಸಬೇಕಿತ್ತು. ನಾನು ಸುಮ್ನೆ ಕೇಳಿದೆ, "ಮಗ ಈಗ ದುಡಿಯುತ್ತಾನಲ್ಲ?" ಹೌದು, ಐಟಿಐ ಮುಗಿಸಿ ಬೈಕಂಪಾಡಿಯಲ್ಲಿ ಎಲೆಕ್ಟ್ರಿಷಿಯನ್, ಹತ್ತೊಂಬತ್ತು ವರ್ಷ, ಕೈಗೆ 12,000 ಬರುತ್ತದೆ. "ಮತ್ತೆ ಅವನ ಹತ್ತಿರ ಕೇಳಬಾರದಾ?" ಅಂದೆ. ಅವರು ಹೇಳಿದ್ದು ಇಷ್ಟು: "ಈಗಷ್ಟೇ ಸೇರಿದ್ದಾನಕ್ಕ, ಚಿಕ್ಕವನು. ಅವನ ಹತ್ತಿರ ಹೇಗೆ ಕೇಳುವುದು?"

ಸರ ಅಡವಿಟ್ಟು ಹೋದರು. ಸರಿಯಾಗಿ ಎರಡು ವಾರಕ್ಕೆ ಮಗ ಬಂದ. ಅದೇ ಮೇಜು, ಅದೇ ಕುರ್ಚಿ. ಬೈಕಿಗೆ ಸಾಲ ಬೇಕಂತೆ. ಒಳ್ಳೆಯ ಹುಡುಗ, ಮಾತಿನಲ್ಲಿ ಮರ್ಯಾದೆ, ಕುಡಿತ ಗಿಡಿತ ಏನೂ ಇಲ್ಲ. ಮನೆಗೆ ಎಷ್ಟು ಕೊಡುತ್ತೀಯಪ್ಪ ಅಂತ ಕೇಳಿದೆ. "ಅಮ್ಮ ಕೇಳಿದಾಗ ಕೊಡ್ತೇನೆ ಮೇಡಂ" ಅಂದ. ಇಲ್ಲಿವರೆಗೆ ಎಷ್ಟು ಸಲ ಕೇಳಿದ್ದಾರೆ? ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ, "ಒಮ್ಮೆಯೂ ಕೇಳಲಿಲ್ಲ. ಅವರಿಗೆ ಬೇಡ ಅಂತ ಕಾಣ್ತದೆ."

ನೋಡಿ, ಇಬ್ಬರೂ ಒಳ್ಳೆಯವರೇ. ತಾಯಿಗೆ ಕೇಳಲು ನಾಚಿಕೆ, ಮಗನಿಗೆ ಕೇಳದೆ ಕೊಡಬೇಕು ಅಂತ ಗೊತ್ತಿಲ್ಲ. ನಡುವೆ ಸರ ಬ್ಯಾಂಕಿನ ಲಾಕರಿನಲ್ಲಿ.

ಸರದ ವಿಷಯ ನಾನು ಬಾಯಿ ಬಿಡುವಂತಿರಲಿಲ್ಲ. ನಾಳೆ ಅಮ್ಮನನ್ನು ಕರೆದುಕೊಂಡು ಬಾ, ಆಮೇಲೆ ಸಾಲದ ಮಾತು ಅಂದೆ. ಬಂದರು. ಹಣ ತುಂಬುವ ಚಲನ್ ಇರುತ್ತದಲ್ಲ, ಅದರ ಹಿಂಬದಿಯಲ್ಲಿ ನಾವು ಮೂವರೂ ಕೂತು ಬರೆದೆವು. ಅಕ್ಕಿ, ಗ್ಯಾಸು, ಕರೆಂಟು, ಹಾಲು, ಮೀನು, ಅಜ್ಜಿಯ ಮಾತ್ರೆ, ತಂಗಿಯ ಬಸ್ ಪಾಸು. ಒಟ್ಟು ಒಂಬತ್ತು ಸಾವಿರದ ಚಿಲ್ಲರೆ ಬಂತು. ಮಗ ಆ ಚೀಟಿಯನ್ನು ತನ್ನ ಕಡೆ ತಿರುಗಿಸಿಕೊಂಡು ಮೇಲಿನಿಂದ ಕೆಳಗೆ ಎರಡು ಸಲ ಓದಿದ. ಬೀಡಿಯಲ್ಲಿ ಇಷ್ಟು ಹೇಗೆ ಬರುತ್ತದೆ ಅಂತ ಕೇಳಿದ. ಬರುವುದಿಲ್ಲ ಅಂತ ಆಗ ತಾಯಿಯೇ ಹೇಳಿದರು, ಸರದ ವಿಷಯವನ್ನೂ ಅವರೇ ಹೇಳಿದರು.

ತಿಂಗಳಿಗೆ 4,000 ಕೊಡುತ್ತೇನೆ ಅಂದ ಮಗ. 1,000 ಸಾಕು, ಅವನಿಗೂ ಖರ್ಚಿರುತ್ತದೆ ಅಂದರು ತಾಯಿ. ನನಗೆ ತಾಯಿಯ ಮೇಲೇ ಸ್ವಲ್ಪ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. 3,000ಕ್ಕೆ ಇತ್ಯರ್ಥ ಮಾಡಿಸಿದೆ. ಪ್ರತಿ ತಿಂಗಳು ಐದನೇ ತಾರೀಕು, ಕೇಳದೆ, ಕೈಯಲ್ಲಿ. ಬೈಕ್ ಸಾಲ ಆರು ತಿಂಗಳು ಬಿಟ್ಟು ಕೊಟ್ಟೆವು.

ಸರ ಮುಂದಿನ ಮಳೆಗಾಲದ ಒಳಗೆ ಬಿಡಿಸಿಕೊಂಡರು. ಅವತ್ತು ಆ ತಾಯಿ ಹೇಳಿದ ಮಾತು ನಾನು ಹೋದಲ್ಲೆಲ್ಲ ಹೇಳುತ್ತೇನೆ. "ಈಗ ಅವನೇ ಫ್ಯಾನ್ ಆಫ್ ಮಾಡ್ತಾನಕ್ಕ. ಸಿಲಿಂಡರ್ ಎಷ್ಟು ದಿನ ಬಂತು ಅಂತ ಲೆಕ್ಕ ಕೇಳ್ತಾನೆ. ಬೂತಾಯಿ ಮೀನಿಗೆ ರೇಟ್ ಜಾಸ್ತಿ ಆದರೆ ಈ ವಾರ ಬೇಡ ಬಿಡಮ್ಮ ಅಂತಾನೆ."

ಮೊತ್ತ ದೊಡ್ಡದಿರಬೇಕು ಅಂತಿಲ್ಲ. ಉಡುಪಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಸಾಕಿತ್ತು. ಎರಡಾಣೆ! ಏಜೆಂಟರು ದಿನಾ ಮನೆ ಬಾಗಿಲಿಗೆ ಬರುತ್ತಿದ್ದರು, ಹಣ ತೆಗೆದಿಟ್ಟಿರುತ್ತಿತ್ತು. ನಿಗದಿ ಆದದ್ದು ನಡೆಯುತ್ತದೆ. "ಆದಾಗ ಕೊಡುವ" ಅಂದದ್ದು ಎಂದೂ ಆಗುವುದಿಲ್ಲ. ನಮ್ಮ ಕರಾವಳಿಯವರಿಗೆ ಇದನ್ನು ಬೇರೆ ಯಾರೋ ಬಂದು ಕಲಿಸಬೇಕಾ?

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಹೆಣ್ಣುಮಕ್ಕಳ ವಿಷಯದಲ್ಲಿ ತಪ್ಪು ಇನ್ನೊಂದು ಕಡೆ ಆಗುತ್ತದೆ. ಗಾರ್ಮೆಂಟ್ಸಿಗೋ ಗೋಡಂಬಿ ಕಾರ್ಖಾನೆಗೋ ಹೋಗುವ ಹುಡುಗಿಯ ಸಂಬಳ ಪೂರ್ತಿ ಮನೆಗೆ, ಎಟಿಎಂ ಕಾರ್ಡು ಅಣ್ಣನ ಜೇಬಿನಲ್ಲಿ. ಇದು ಬಹಳ ಅನ್ಯಾಯ. ಅವಳಿಗೂ ಅದೇ ಲೆಕ್ಕ: ಇಷ್ಟು ಮನೆಗೆ, ಉಳಿದದ್ದು ಅವಳದ್ದು, ಕಾರ್ಡು ಅವಳ ಕೈಯಲ್ಲಿ. ನಿಗದಿ ಮಾಡಿ ಅಂತ ನಾನು ಬಡಿದುಕೊಳ್ಳುವುದು ಅವಳಿಗೋಸ್ಕರವೂ ಹೌದು.

ಹದಿನೆಂಟು ತುಂಬದ ಮಕ್ಕಳು ರಜೆಯಲ್ಲಿ ಅಂಗಡಿಯಲ್ಲೋ ಕ್ಯಾಟರಿಂಗಿನಲ್ಲೋ ನಾಲ್ಕು ಕಾಸು ದುಡಿದರೆ ಅದರಲ್ಲಿ ಪಾಲು ಕೇಳಬೇಡಿ. ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆ ಇದೆ, ಮಾಡಿಸಿಕೊಡಿ. ಹದಿನಾಲ್ಕರ ಒಳಗಿನವರನ್ನು ಕೂಲಿಗೆ ಕಳಿಸುವುದು ಕಾನೂನಿನಲ್ಲೇ ಇಲ್ಲ, ಆ ಮಾತೇ ಬೇಡ.

ಕೆಲವರು ಮಗ ಕೊಟ್ಟದ್ದನ್ನು ಗುಟ್ಟಾಗಿ ಕೂಡಿಟ್ಟು ಅವನ ಮದುವೆಗೆ ವಾಪಸ್ ಕೊಡುತ್ತೇವೆ ಅನ್ನುತ್ತಾರೆ. ನನಗೆ ಅದು ಇಷ್ಟ ಇಲ್ಲ. ಆ ಹಣದಲ್ಲಿ ಅಕ್ಕಿ ತನ್ನಿ, ತಂದದ್ದು ಅವನಿಗೆ ಗೊತ್ತಾಗಲಿ. ಉಳಿತಾಯ ಅವನೇ ಮಾಡಲಿ, ಅವನ ಹೆಸರಿನಲ್ಲಿ.

ಕೆಲಸ ಹೋದರೆ? ಆ ತಿಂಗಳಿನಿಂದ ನಿಲ್ಲಿಸಿ, ಮತ್ತೆ ಕೆಲಸ ಸಿಕ್ಕಿದ ತಿಂಗಳು ಶುರು ಮಾಡಿ, ಹಳೆ ಬಾಕಿ ಬರೆದಿಡಬೇಡಿ. ಇನ್ನು ಆದಾಯ ತೆರಿಗೆ ಕಟ್ಟುವ ಮಕ್ಕಳಿಗೆ ಒಂದು ಮಾತು. ಮನೆ ಅಪ್ಪನ ಹೆಸರಿನಲ್ಲಿದ್ದು, ನಿಮ್ಮ ಸಂಬಳದಲ್ಲಿ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ ಇದ್ದು, ನೀವು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ, ಅಪ್ಪನಿಗೆ ನಿಜವಾಗಿ ಬಾಡಿಗೆ ಕೊಟ್ಟು ವಿನಾಯಿತಿ ಕೇಳಬಹುದು. ಬ್ಯಾಂಕ್ ಮೂಲಕವೇ ಕೊಡಿ, ರಸೀದಿ ಇಟ್ಟುಕೊಳ್ಳಿ, ಅಪ್ಪ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ಇವತ್ತು ರಾತ್ರಿ ಊಟ ಆದ ಮೇಲೆ ಟಿವಿ ಹಾಕುವ ಮೊದಲು ಒಂದು ಚೀಟಿ, ಒಂದು ಪೆನ್ನು ತೆಗೆದುಕೊಂಡು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಕ್ಕಿಯಿಂದ ಶುರು ಮಾಡಿ. ನಮಸ್ಕಾರ.