ಕೇಳುವುದೇ ಅವರ ಕೆಲಸವಾಗಿತ್ತು

ಕೇಳುಗರೆ, ನಮಸ್ಕಾರ.

ಬಾನುಲಿಯಲ್ಲಿ ಮಾತನಾಡುವವರ ಹೆಸರು ನಿಮಗೆ ಗೊತ್ತಿರುತ್ತದೆ. ಆ ಮಾತನ್ನು ಒಪ್ಪಮಾಡಿ ನಿಮ್ಮ ಕಿವಿಗೆ ಮುಟ್ಟಿಸಿದವರ ಹೆಸರು ಹೆಚ್ಚಾಗಿ ತಿಳಿಯುವುದಿಲ್ಲ. ನಮ್ಮ ನಿಲಯದಲ್ಲಿ ಬಹುಕಾಲ ಧ್ವನಿಸಂಕಲನದ ಹೊಣೆ ಹೊತ್ತಿದ್ದ, ಹಿರಿಯ ಸಹೋದ್ಯೋಗಿಯಾಗಿ ಪರಿಚಯವಾಗಿ ಆಪ್ತ ಗೆಳೆಯರೇ ಆಗಿಬಿಟ್ಟಿದ್ದ ಒಬ್ಬರು ಈಚೆಗೆ ನಮ್ಮನ್ನು ಅಗಲಿದರು. ತಮ್ಮ ಹೆಸರು ಪ್ರಸಾರವಾಗುವುದು ಅವರಿಗೆ ಎಂದೂ ಇಷ್ಟವಿರಲಿಲ್ಲವಾದ್ದರಿಂದ ಇಂದೂ ನಾನು ಅದನ್ನು ಹೇಳದೆ, ಅವರ ಕೆಲಸದ ಬಗೆಯನ್ನಷ್ಟೇ ನೆನೆಯುತ್ತೇನೆ.

ಕಂಪ್ಯೂಟರ್ ಬರುವ ಮೊದಲು ಸಂಕಲನವೆಂದರೆ ಕಾಲು ಇಂಚು ಅಗಲದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸ. ಟೇಪು ಸೆಕೆಂಡಿಗೆ ಏಳೂವರೆ ಇಂಚಿನಂತೆ ಓಡುತ್ತಿದ್ದುದರಿಂದ, ಅರ್ಧ ಸೆಕೆಂಡಿನ ಒಂದು ಕೆಮ್ಮು ನಾಲ್ಕು ಇಂಚಿಗೆ ತುಸು ಕಡಿಮೆ ಉದ್ದದ ಕಂದು ಪಟ್ಟಿಯಾಗಿ ಅವರ ಮೇಜಿನ ಮೇಲೆ ಬೀಳುತ್ತಿತ್ತು. ಎರಡು ಸ್ಪೂಲುಗಳನ್ನೂ ಕೈಯಿಂದಲೇ ಹಿಂದೆ ಮುಂದೆ ಆಡಿಸುತ್ತ, ಗೊರಗೊರ ಸದ್ದಿನ ನಡುವೆ ಪದ ಮೊದಲಾಗುವ ಜಾಗವನ್ನು ಹಿಡಿದು, ಅಲ್ಲಿಗೆ ಹಳದಿ ಪೆನ್ಸಿಲಿನ ಗೆರೆ ಎಳೆದು, ಅವರು ಟೇಪನ್ನು ಓರೆಯಾಗಿ ಕೊಯ್ಯುತ್ತಿದ್ದರು; ನೇರವಾಗಿ ಕೊಯ್ದರೆ ಸದ್ದು ಒಮ್ಮೆಲೇ ಬದಲಾಗಿ ಬೆಸುಗೆ ಕಿವಿಗೆ ಗೊತ್ತಾಗಿಬಿಡುವ ಅಪಾಯ ಹೆಚ್ಚು. ಬ್ಲೇಡಿಗೆ ಕಾಂತತ್ವ ಹತ್ತಿದರೂ ಕತ್ತರಿಸಿದ ಕಡೆಯಲ್ಲಿ 'ಟಕ್' ಎಂಬ ಸದ್ದು ಉಳಿಯುತ್ತದೆ. ಎಂದೂ ದನಿ ಏರಿಸದ ಆ ಮನುಷ್ಯನ ಸಿಟ್ಟನ್ನು ನೋಡಬೇಕೆಂದಿದ್ದರೆ, ಅವರ ಬ್ಲೇಡನ್ನು ಪೆನ್ಸಿಲ್ ಹೆರೆಯಲು ಎತ್ತಿಕೊಂಡರೆ ಸಾಕಾಗಿತ್ತು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವರು ಹೇಳುತ್ತಿದ್ದ ಒಂದು ಕಥೆಯಿತ್ತು. ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಎಂಬಾತ ಸಿಗರೇಟಿನ ಕಾಗದಕ್ಕೆ ಹೊಳಪಿನ ಪಟ್ಟಿ ಹಚ್ಚುವ ವಿದ್ಯೆಯಲ್ಲಿ ಪಳಗಿದವನು. ಅದೇ ಉಪಾಯದಿಂದ ಕಾಗದಕ್ಕೆ ಕಬ್ಬಿಣದ ಪುಡಿ ಹಚ್ಚಿ, 1928ರಲ್ಲಿ ಧ್ವನಿಮುದ್ರಣದ ಟೇಪಿಗೆ ಪೇಟೆಂಟ್ ಪಡೆದ. ಇಷ್ಟನ್ನು ಗಂಭೀರವಾಗಿ ಹೇಳಿ ಮುಗಿಸಿ, "ಸಿಗರೇಟಿನಿಂದ ಲೋಕಕ್ಕೆ ಆದ ಉಪಕಾರ ಇದೊಂದೇ" ಎಂದು ಸೇರಿಸುತ್ತಿದ್ದರು. ನಾವು ಪ್ರತಿಸಲವೂ ನಗುತ್ತಿದ್ದೆವು. ನಗದಿದ್ದರೆ ಕಥೆ ಮತ್ತೆ ಮೊದಲಿನಿಂದ ಶುರುವಾಗುವ ಭಯವೂ ಇತ್ತೆನ್ನಿ.

ಅವರ ನಿಜವಾದ ಹೆಚ್ಚುಗಾರಿಕೆ ಕತ್ತರಿಸುವುದರಲ್ಲಿ ಇರಲಿಲ್ಲ, ಯಾವುದನ್ನು ಕತ್ತರಿಸಬಾರದೆಂದು ತಿಳಿದಿರುವುದರಲ್ಲಿತ್ತು. ಒಮ್ಮೆ ನಿವೃತ್ತ ಅಧ್ಯಾಪಕಿಯೊಬ್ಬರು ತೀರಿಕೊಂಡ ತಮ್ಮ ಗೆಳತಿಯ ಬಗ್ಗೆ ಮಾತನಾಡಿದ್ದ ಧ್ವನಿಮುದ್ರಣವನ್ನು ನಾನು ಅವರ ಮೇಜಿಗೆ ಒಯ್ದಿದ್ದೆ. ಅದು ನಿಗದಿತ ಅವಧಿಯನ್ನು ಮೀರಿತ್ತು. ಗೆಳತಿಯ ಕೊನೆಯ ದಿನದ ಪ್ರಸ್ತಾಪ ಬಂದಲ್ಲಿ ಆ ತಾಯಿ ಮಾತು ನಿಲ್ಲಿಸಿ, ನಾಲ್ಕು ಸೆಕೆಂಡು ಸುಮ್ಮನಿದ್ದು, ಆಮೇಲೆ ಬೇರೆ ವಿಷಯಕ್ಕೆ ಹೋಗಿದ್ದರು. ನಾಲ್ಕು ಸೆಕೆಂಡು ಎಂದರೆ ಮೂವತ್ತು ಇಂಚು ಖಾಲಿ ಟೇಪು. ಅವಸರದಲ್ಲಿರುವ ಯಾರೇ ಆದರೂ ಮೊದಲು ಕೈಹಾಕುವುದು ಅಲ್ಲಿಗೇ. ನಮ್ಮವರು ಅದನ್ನು ಮುಟ್ಟಲಿಲ್ಲ. ಪೀಠಿಕೆಯನ್ನು ತೆಗೆದರು, ಎರಡೆರಡು ಬಾರಿ ಬಂದ ಮಾತುಗಳನ್ನು ತೆಗೆದರು, ನಾನು ಬರೆದಿದ್ದ ಪರಿಚಯವನ್ನು ಅರ್ಧಕ್ಕೆ ಇಳಿಸಿದರು. "ನಿಮ್ಮ ಪರಿಚಯ ಚೆನ್ನಾಗಿದೆ, ಆದರೆ ಅವರ ಮೌನ ಇನ್ನೂ ಚೆನ್ನಾಗಿದೆ" ಎಂದರು. ಅಷ್ಟು ವರ್ಷಗಳ ಸ್ನೇಹದಲ್ಲಿ ನನ್ನನ್ನು ಅವರು ಒಮ್ಮೆಯೂ ಏಕವಚನದಲ್ಲಿ ಕರೆಯಲಿಲ್ಲ. ಈ ಬಗೆಯ ಪೆಟ್ಟುಗಳೆಲ್ಲ ಬಹುವಚನದಲ್ಲೇ ಬೀಳುತ್ತಿದ್ದವು.

ಕಂಪ್ಯೂಟರ್ ಬಂದಾಗ ಅವರು ಹಳೆಯದನ್ನು ಹಂಬಲಿಸುತ್ತ ಕೂರಲಿಲ್ಲ. ತಪ್ಪಿ ಕತ್ತರಿಸಿದ್ದನ್ನು ಒಂದು ಗುಂಡಿ ಒತ್ತಿ ಮರಳಿ ಪಡೆಯಬಹುದೆಂದು ಕಂಡು ಮಗುವಿನಂತೆ ಹಿಗ್ಗಿದರು, ನಮಗಿಂತ ಬೇಗ ಕಲಿತರು. ಆದರೆ ಪರದೆಯ ಮೇಲಿನ ಏರಿಳಿತದ ಗೆರೆಗಳನ್ನು ನೋಡಿಕೊಂಡು ಸಂಕಲನ ಮಾಡುವವರನ್ನು ಅವರು ನಂಬುತ್ತಿರಲಿಲ್ಲ. ನಿರ್ಧಾರದ ಘಳಿಗೆಯಲ್ಲಿ ಕಣ್ಣು ಮುಚ್ಚಿ ಕೇಳಿ, ಆಮೇಲೆಯೇ ಮೌಸ್ ಹಿಡಿಯುತ್ತಿದ್ದರು. ಮನುಷ್ಯರ ವಿಷಯದಲ್ಲಿಯೂ ಅವರ ರೀತಿ ಹೀಗೆಯೇ ಇತ್ತು. ಕಷ್ಟ ಹೇಳಿಕೊಳ್ಳಲು ಹೋದವರಿಗೆ ಸಲಹೆ ಕೊಡುವ ಆತುರ ಅವರಲ್ಲಿ ಕಾಣುತ್ತಿರಲಿಲ್ಲ. ಹೇಳಬೇಕಾದುದನ್ನು ನಾವು ಹೇಳಿ ಮುಗಿಸಿದ ಮೇಲೂ, ಇನ್ನೇನಾದರೂ ಉಳಿದಿರಬಹುದೆಂದು ಸ್ವಲ್ಪ ಹೊತ್ತು ಕಾಯುತ್ತಿದ್ದರು. ಎಷ್ಟೋ ಸಲ ಉಳಿದಿರುತ್ತಿತ್ತು.

ಈಗ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿದೆ. ವರ್ಷಗಳು ಕಳೆದಂತೆ ಅಂಟು ಒಣಗಿ ಬೆಸುಗೆಗಳು ಬಿಟ್ಟುಕೊಳ್ಳುವುದು ಸಹಜ. ಅವರದೂ ಕೆಲವು ಬಿಟ್ಟಿವೆ. ಆದರೆ ಅವರು ಸಿದ್ಧಪಡಿಸಿದ ಟೇಪುಗಳ ಡಬ್ಬಿಗಳಲ್ಲಿ ಎಲ್ಲಿ ಎಷ್ಟು ಬೆಸುಗೆಗಳಿವೆ ಎಂಬ ಚೀಟಿ ಸಿಗುತ್ತದೆಂದು ಕಿರಿಯ ತಂತ್ರಜ್ಞರು ನೆಮ್ಮದಿಯಿಂದ ಹೇಳುತ್ತಾರೆ. ಆ ಅಧ್ಯಾಪಕಿಯ ಭಾಷಣದ ಡಬ್ಬಿಯಲ್ಲಿದ್ದ ಚೀಟಿಯನ್ನು ಅವರು ನನಗೆ ತಂದು ತೋರಿಸಿದರು: "ಇಲ್ಲಿ ಮೌನ ಉಂಟು. ಟೇಪು ಕೆಟ್ಟಿಲ್ಲ. ತೆಗೆಯಬೇಡಿ." ಟೇಪಿನ ಜೊತೆ ಚೀಟಿಗಳನ್ನೂ ಕಡತಕ್ಕೆ ಸೇರಿಸಿಡಿ ಎಂದು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ.

ನಮಸ್ಕಾರ.