ಕೊಲೆಗಾರ ಸಿಗದ ಸಿನಿಮಾ

ಎಲ್ಲರಿಗೂ ನಮಸ್ಕಾರ. ಮಳೆ ಹೀಗೆ ಸುರಿಯುತ್ತಿದ್ದರೂ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಒಂದು ಜಗಳದಿಂದಲೇ ಶುರು ಮಾಡುತ್ತೇನೆ. ಹೋದ ತಿಂಗಳು ಗೋಪಿ ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ನಾವು ಮೂವರು ಗೆಳೆಯರು ಡೇವಿಡ್ ಫಿಂಚರ್ ಸಿನಿಮಾಗಳ ಮಾತಿಗೆ ಬಿದ್ದೆವು. ಒಬ್ಬನಿಗೆ 1995ರ 'ಸೆವೆನ್' ಬಿಟ್ಟರೆ ಬೇರೆ ಥ್ರಿಲ್ಲರೇ ಇಲ್ಲ. ಇನ್ನೊಬ್ಬ 2007ರ 'ಜೋಡಿಯಾಕ್' ಹಿಡಿದು ಕೂತ. "ಎಂತ ಮಾರಾಯ ಅದು, ಎರಡೂವರೆ ಗಂಟೆ ನೋಡಿದರೂ ಕೊಲೆಗಾರ ಸಿಗುವುದಿಲ್ಲ!" ಅಂತ ಮೊದಲನೆಯವನು. ಅಂಗಡಿಯವರು ಬಾಗಿಲು ಹಾಕುವವರೆಗೂ ಇಬ್ಬರೂ ಬಿಟ್ಟುಕೊಡಲಿಲ್ಲ.

ಎರಡನ್ನೂ ಮಾಡಿದ್ದು ಒಬ್ಬರೇ ನಿರ್ದೇಶಕರು. ಹಾಗಾದರೆ ಇವರು ಜಗಳ ಆಡಿದ್ದು ಯಾವುದಕ್ಕೆ? ನನಗೆ ಅನ್ನಿಸುವುದು, ಥ್ರಿಲ್ಲರ್ ನಮಗೆ ಉತ್ತರ ಕೊಡಲೇಬೇಕಾ ಅನ್ನುವುದಕ್ಕೆ.

ನಾನು ಜೋಡಿಯಾಕ್ ಕಡೆ. ಮೊದಲ ಸಲ ನೋಡಿದಾಗ ಅರ್ಧಕ್ಕೇ ನಿಲ್ಲಿಸಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಅದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನಿಜವಾಗಿ ನಡೆದ ಕೊಲೆಗಳ ಕಥೆ. ಕೊಲೆಗಾರ 1969ರಲ್ಲಿ ಪತ್ರಿಕೆಗಳಿಗೆ ಸಂಕೇತಲಿಪಿಯಲ್ಲಿ ಬರೆದು ಕಳಿಸುತ್ತಿದ್ದ. ಆ ಪತ್ರಿಕೆಯೊಂದರಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದ ಒಬ್ಬ ಆ ಹುಚ್ಚು ಹಿಡಿಸಿಕೊಂಡು, ಮನೆ, ಹೆಂಡತಿ, ಕೆಲಸ ಎಲ್ಲ ಕಳೆದುಕೊಳ್ಳುತ್ತಾ ಹೋಗುತ್ತಾನೆ. ಸಿನಿಮಾ ನಿಂತಿರುವುದು ಅವನ ಮೇಲೆ. ಒಂದು ಪ್ರಶ್ನೆ ಮನುಷ್ಯನನ್ನು ವರ್ಷಗಟ್ಟಲೆ ಹೇಗೆ ತಿನ್ನುತ್ತದೆ ಅನ್ನುವುದು ಎರಡನೇ ಸಲ ನೋಡಿದಾಗಷ್ಟೇ ನನಗೆ ಕಂಡಿತು. ಕೊಲೆಗಾರ ಸಿಕ್ಕಿದ್ದರೆ ನಾವು ಎದ್ದು ಮನೆಗೆ ಹೋಗಿ ಆರಾಮಾಗಿ ಮಲಗುತ್ತಿದ್ದೆವು, ಅಲ್ವಾ?

ಸೆವೆನ್ ಅನ್ನು ನಾನು ಕಡಿಮೆ ಮಾಡುತ್ತಿಲ್ಲ. ಅದರಲ್ಲಿ ಕೊಲೆಗಾರ ತಾನಾಗಿಯೇ ಬಂದು ಪೊಲೀಸರಿಗೆ ಶರಣಾಗುತ್ತಾನೆ, ಆಮೇಲೆಯೇ ನಿಜವಾದ ಭಯ ಶುರುವಾಗುವುದು. ಹೆಚ್ಚಿನ ಕೊಲೆಗಳನ್ನು ಅದು ತೋರಿಸುವುದೂ ಇಲ್ಲ, ಆಮೇಲಿನ ಕೋಣೆಯನ್ನಷ್ಟೇ ತೋರಿಸುತ್ತದೆ. ರಕ್ತ ಜಾಸ್ತಿ ಇದ್ದರೆ ಸಿನಿಮಾ ಡಾರ್ಕ್ ಅಂದುಕೊಳ್ಳುವವರು ಈ ಒಂದು ವಿಷಯ ಗಮನಿಸಬೇಕು.

ಬಾಂಗ್ ಜೂನ್-ಹೊ ಅವರ 'ಮೆಮೊರೀಸ್ ಆಫ್ ಮರ್ಡರ್' ಬಂದಿದ್ದು 2003ರಲ್ಲಿ. ಕೊರಿಯಾದ ಹಳ್ಳಿಗಾಡಿನಲ್ಲಿ 1986ರಿಂದ ನಡೆದ ಕೊಲೆಗಳು. ಮಳೆ, ಗದ್ದೆ, ಕೆಸರಿನ ಕಾಲುದಾರಿ. ನನಗಂತೂ ತೀರ್ಥಹಳ್ಳಿ ಕಡೆಯ ಆಷಾಢದ ಸಂಜೆಯೇ ಕಣ್ಣಿಗೆ ಬಂತು. ಕೊನೆಯಲ್ಲಿ ಪತ್ತೇದಾರ ನೇರ ಕ್ಯಾಮೆರಾ ಕಡೆ, ಅಂದರೆ ನಮ್ಮ ಕಡೆ ನೋಡುತ್ತಾನೆ. ಆಗ ಕೊಲೆಗಾರ ಸಿಕ್ಕಿರಲಿಲ್ಲ. 2019ರಲ್ಲಿ ಡಿಎನ್ಎ ಪರೀಕ್ಷೆಯಿಂದ ಗೊತ್ತಾಯಿತು, ಅವನು ಬೇರೊಂದು ಕೊಲೆಗಾಗಿ ಆಗಲೇ ಜೈಲಿನಲ್ಲಿದ್ದ. ಉತ್ತರ ಬಂದ ಮೇಲೆ ನಾನು ಆ ಸಿನಿಮಾವನ್ನು ಮತ್ತೆ ನೋಡಿದೆ. ಆ ನೋಟ ಒಂಚೂರೂ ಹಗುರ ಆಗಿರಲಿಲ್ಲ. ಟೀ ಅಂಗಡಿಯ ಜಗಳಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ.

ನಮ್ಮವರೂ ಇದನ್ನು ಮಾಡಿದ್ದಾರೆ. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ಹಾಡೇ ಇಲ್ಲದ 'ತರ್ಕ' ಮಾಡಿದರು, ಆ ಕಾಲಕ್ಕೆ ಎಂಥ ಧೈರ್ಯ! ಹೇಮಂತ್ ರಾವ್ ಅವರ 2019ರ 'ಕವಲುದಾರಿ'ಯಲ್ಲಿ ಮೆಟ್ರೋ ಕೆಲಸಕ್ಕೆ ಅಗೆದಲ್ಲಿ ಮೂಳೆಗಳು ಸಿಗುತ್ತವೆ, ತನಗೆ ಸಂಬಂಧವೇ ಇಲ್ಲದ ಆ ಹಳೇ ಕೇಸಿನ ಹಿಂದೆ ಒಬ್ಬ ಟ್ರಾಫಿಕ್ ಪೊಲೀಸ್ ಬೀಳುತ್ತಾನೆ. ಅದನ್ನು ನೋಡಿ ಹೊರಬಂದವರು "ಟ್ವಿಸ್ಟ್ ನನಗೆ ಮೊದಲೇ ಗೊತ್ತಾಯ್ತು" ಅಂದಾಗ ನನಗೆ ಬೇಜಾರಾಗುತ್ತದೆ. ಅವನು ಯಾಕೆ ಬಿಡಲಿಲ್ಲ ಅಂತ ಯಾರೂ ಕೇಳುವುದಿಲ್ಲವಲ್ಲ.

ಈಗ ಜೋಡಿಯಾಕ್‌ನ ಒಂದು ದೃಶ್ಯ ಹಾಕುತ್ತೇವೆ. ಸರೋವರದ ದಡ, ಒಬ್ಬ ಹುಡುಗ, ಒಬ್ಬಳು ಹುಡುಗಿ. ನೆತ್ತಿ ಮೇಲೆ ಒಳ್ಳೆ ಬಿಸಿಲು, ಎಲ್ಲೂ ಕತ್ತಲೆ ಇಲ್ಲ. ನೋಡಿದ ಮೇಲೆ ಜಗಳ ಆಡೋಣ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ.