ಎಥೆಲ್ ವಾಟರ್ಸ್ ಹಾಡುವಾಗ ಏನು ಮಾಡುತ್ತಿದ್ದಳು

ಎಲ್ಲರಿಗೂ ನಮಸ್ಕಾರ. ಜಾಜ್ ಬಗ್ಗೆ ಮಾತಾಡಿ ಅಂತ ಕರೆದಾಗಲೇ ನಾನು ಹೇಳಿದ್ದೆ, ನನಗೆ ಸಂಗೀತದ ವ್ಯಾಕರಣ ಬರಲ್ಲ, ಕೇಳುವುದಷ್ಟೇ ಗೊತ್ತು ಅಂತ. ಪರವಾಗಿಲ್ಲ ಬನ್ನಿ ಅಂದರು. ಅದಕ್ಕೇ ಇವತ್ತು ಒಬ್ಬಳೇ ಒಬ್ಬಳ ಕಥೆ ಹಿಡಿದುಕೊಂಡು ಬಂದಿದ್ದೇನೆ. ಹೆಸರು ಎಥೆಲ್ ವಾಟರ್ಸ್. ಅಮೆರಿಕದ ಕಪ್ಪು ಹೆಂಗಸು. 1896ರಲ್ಲಿ ಹುಟ್ಟಿದಳು, 1977ರಲ್ಲಿ ತೀರಿಕೊಂಡಳು. ಬೆಸ್ಸಿ ಸ್ಮಿತ್, ಬಿಲ್ಲಿ ಹಾಲಿಡೇ, ಎಲಾ ಫಿಟ್ಜೆರಾಲ್ಡ್ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಇವಳ ಹೆಸರು ಕೇಳಿದವರು ಕಡಿಮೆ. ಗಾಯಕಿಯರ ಲೆಕ್ಕ ಹಾಕುವವರು ಇವಳು ನಟಿ ಅಂತ ಬಿಡುತ್ತಾರೆ, ನಟಿಯರ ಲೆಕ್ಕ ಹಾಕುವವರು ಗಾಯಕಿ ಅಂತ ಬಿಡುತ್ತಾರೆ. ನನ್ನ ತಕರಾರು ಇಷ್ಟೇ: ಇವಳ ಮಟ್ಟಿಗೆ ಅವೆರಡೂ ಬೇರೆ ಬೇರೆ ಕೆಲಸ ಆಗಿರಲೇ ಇಲ್ಲ.

ಹುಟ್ಟಿದ್ದು ಪೆನ್ಸಿಲ್ವೇನಿಯಾದ ಚೆಸ್ಟರ್ ಊರಿನಲ್ಲಿ. ತಾಯಿ ಇನ್ನೂ ಹದಿಹರೆಯದ ಹುಡುಗಿ, ಬಲಾತ್ಕಾರದಿಂದ ಬಸಿರಾದವಳು. ಮಗುವನ್ನು ನೋಡಿದರೆ ಅವಳಿಗೆ ಏನು ನೆನಪಾಗುತ್ತಿತ್ತೋ, ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸಾಕಿದ್ದು ಅಜ್ಜಿ ಸ್ಯಾಲಿ. ಆ ಅಜ್ಜಿ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವಳು, ದಿನವೆಲ್ಲ ಬೇರೆಯವರ ಮನೆಯಲ್ಲಿ. ಹುಡುಗಿ ಚೆಸ್ಟರ್ ಮತ್ತು ಫಿಲಡೆಲ್ಫಿಯಾದ ಓಣಿಗಳಲ್ಲಿ ತನ್ನ ಪಾಡಿಗೆ ತಾನು ಬೆಳೆಯಿತು. ಸೂಳೆಗೇರಿ ಪಕ್ಕದಲ್ಲೇ ವಾಸ. ಪೊಲೀಸರು ಬಂದರೆ ಕೂಗಿ ಹೇಳುವ ಕೆಲಸವನ್ನೂ ಮಾಡಿದ್ದೆ ಅಂತ ಮುಂದೆ ಅವಳೇ ಯಾವ ಮುಜುಗರವೂ ಇಲ್ಲದೆ ಹೇಳಿಕೊಂಡಳು. ಹದಿಮೂರಕ್ಕೆ ಮದುವೆ. ಅದು ಬೇಗ ಮುರಿದುಬಿತ್ತು.

ಆಮೇಲೆ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ರೂಮ್ ಗುಡಿಸುವ ಕೆಲಸ. ವಾರಕ್ಕೆ ನಾಲ್ಕು ಡಾಲರ್ ಎಪ್ಪತ್ತೈದು ಸೆಂಟ್. ಇಲ್ಲಿ ಒಂದು ನಿಮಿಷ ನಿಲ್ಲೋಣ, ಯಾಕೆಂದರೆ ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಹುಡುಗಿ ಬೇಗ ಬೇಗ ಹಾಸಿಗೆ ಸರಿ ಮಾಡಿ, ಧೂಳು ಒರೆಸಿ ಮುಗಿಸುತ್ತಿದ್ದಳು. ಮುಗಿಸಿದ ಮೇಲೆ ಬಾಗಿಲು ಹಾಕಿಕೊಂಡು ಅಲ್ಲಿದ್ದ ದೊಡ್ಡ ಕನ್ನಡಿ ಮುಂದೆ ನಿಲ್ಲುವುದು. ಹಾಡುವುದು, ಕುಣಿಯುವುದು, ಬಗೆಬಗೆಯ ಮುಖಭಾವ ಮಾಡುವುದು, ಅಳುವುದು. ಆಮೇಲೆ ತಾನೇ ಪ್ರೇಕ್ಷಕಳಾಗಿ ಚಪ್ಪಾಳೆ ತಟ್ಟುವುದು. ಗುರು ಇಲ್ಲ, ಪಾಠ ಇಲ್ಲ, ಕನ್ನಡಿ ಮಾತ್ರ. ತಾನು ಮಾಡುವುದು ಎದುರಿಗಿದ್ದವರಿಗೆ ಹೇಗೆ ಕಾಣುತ್ತೆ ಅನ್ನುವ ಲೆಕ್ಕ ಅವಳಿಗೆ ಆಗಲೇ ಹತ್ತಿತ್ತು ಅಂತ ನನಗನ್ನಿಸುತ್ತೆ. ಹದಿನೇಳು ತುಂಬಿದ ದಿನ, ಅದು ಹ್ಯಾಲೋವೀನ್ ರಾತ್ರಿ, ಯಾರೋ ಒತ್ತಾಯ ಮಾಡಿದರು ಅಂತ ಒಂದು ಕ್ಲಬ್ಬಿನಲ್ಲಿ ಹಾಡಿದಳು. ಕೇಳಿದವರು ಬಾಲ್ಟಿಮೋರಿನ ಥಿಯೇಟರಿಗೆ ಕರೆದರು. ವಾರಕ್ಕೆ ಹತ್ತು ಡಾಲರ್. ಗುಡಿಸುವುದಕ್ಕೆ ಕೊಡುತ್ತಿದ್ದದ್ದರ ಎರಡರಷ್ಟು, ಹೋಗದೆ ಇರುತ್ತಾಳಾ?

ಎತ್ತರ, ತೆಳ್ಳಗೆ. ಅದಕ್ಕೆ ಪೋಸ್ಟರಿನಲ್ಲಿ ಹಾಕಿದ ಹೆಸರು ಸ್ವೀಟ್ ಮಾಮಾ ಸ್ಟ್ರಿಂಗ್‌ಬೀನ್. ನಮ್ಮ ಮಾತಲ್ಲಿ ಹೇಳಬೇಕಂದರೆ ಹುರುಳಿಕಾಯಿ. ದಕ್ಷಿಣದ ಊರೂರು ತಿರುಗಿದಳು. ಅಟ್ಲಾಂಟಾದಲ್ಲಿ ಒಂದೇ ಥಿಯೇಟರಿನಲ್ಲಿ ಇವಳೂ ಇದ್ದಳು, ಬೆಸ್ಸಿ ಸ್ಮಿತ್ ಕೂಡ ಇದ್ದಳು. ಬೆಸ್ಸಿ ಆಗಲೇ ಬ್ಲೂಸ್, ಅಂದರೆ ಕಪ್ಪು ಜನರ ನೋವಿನ ಹಾಡುಗಳ, ದೊಡ್ಡ ಹೆಸರು. ಆ ಹುಡುಗಿ ಬ್ಲೂಸ್ ಹಾಡಕೂಡದು ಅಂತ ಕಟ್ಟುನಿಟ್ಟಾಗಿ ಹೇಳಿಬಿಟ್ಟಳು. ಜನ ಕೇಳಬೇಕಲ್ಲ? ಇವಳು ಬೇರೆ ಏನೋ ಹಾಡಲು ಹೋದರೆ ಬ್ಲೂಸ್, ಬ್ಲೂಸ್ ಅಂತ ಕೂಗು. ಕೊನೆಗೆ ಬೆಸ್ಸಿಯೇ ಸೋತು ಹಾಡಿಕೋ ಅಂದಳಂತೆ. ಬೆಸ್ಸಿಯ ದನಿ ಕಂಚಿನ ದನಿ. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಬೆಂಚಿಗೂ ಮುಟ್ಟುತ್ತಿತ್ತು. ಎಥೆಲ್ ದನಿ ಅಷ್ಟು ದೊಡ್ಡದಲ್ಲ. ಅವಳು ಕೂಗುತ್ತಿರಲಿಲ್ಲ, ಹೇಳುತ್ತಿದ್ದಳು. ಒಂದೊಂದು ಅಕ್ಷರವೂ ಬಿಡಿ ಬಿಡಿಯಾಗಿ, ಮುತ್ತು ಪೋಣಿಸಿದ ಹಾಗೆ ಬರುತ್ತಿತ್ತು. ಸ್ಕೂಲಿಗೆ ಸರಿಯಾಗಿ ಹೋಗದ ಹುಡುಗಿಗೆ ಆ ಉಚ್ಚಾರ ಎಲ್ಲಿಂದ ಬಂತೋ ನನಗಂತೂ ಇವತ್ತಿಗೂ ಆಶ್ಚರ್ಯ.

1919ರ ಹೊತ್ತಿಗೆ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ಗೆ ಬಂದಳು. ಅದಾದ ಸ್ವಲ್ಪ ಕಾಲಕ್ಕೆ ಹ್ಯಾರಿ ಪೇಸ್ ಅನ್ನುವವನು ಬ್ಲ್ಯಾಕ್ ಸ್ವಾನ್ ಅಂತ ಒಂದು ರೆಕಾರ್ಡ್ ಕಂಪನಿ ಶುರು ಮಾಡಿದ್ದ. ಕಪ್ಪು ಜನರೇ ದುಡ್ಡು ಹಾಕಿ ನಡೆಸುವ ಕಂಪನಿ. 1921ರಲ್ಲಿ ಇವಳನ್ನು ಕರೆದರು. ಇವಳ ಕೈಯಲ್ಲಿ ಗಂಭೀರವಾದದ್ದು ಹಾಡಿಸೋಣವೋ ಜನರಿಗೆ ಬೇಕಾದದ್ದು ಹಾಡಿಸೋಣವೋ ಅಂತ ಪೇಸ್‌ಗೂ ಪಿಯಾನೋ ನುಡಿಸುವ ಫ್ಲೆಚರ್ ಹೆಂಡರ್ಸನ್‌ಗೂ ತುಂಬಾ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಜನ ಗೆದ್ದರು. ಎಷ್ಟು ಬೇಕು ಅಂತ ಕೇಳಿದರೆ ಇವಳು ನೂರು ಡಾಲರ್ ಅಂದಳು. ವಾರಕ್ಕೆ ಮೂವತ್ತೈದು ಸಿಗುತ್ತಿದ್ದವಳಿಗೆ ಅದೇ ದೊಡ್ಡ ಮೊತ್ತ. ಆ ರೆಕಾರ್ಡ್ ಚೆನ್ನಾಗಿ ಮಾರಾಟವಾಗಿ ಕಂಪನಿಯ ಕೈ ಹಿಡಿಯಿತು. ಹೆಂಡರ್ಸನ್ ಬಗ್ಗೆ ಒಂದು ಮಾತು. ಅವನು ಕಾಲೇಜು ಓದಿದ, ನಯವಾಗಿ ನುಡಿಸುವ ಹುಡುಗ. ಇವಳಿಗೆ ಬೇಕಾದ ತಾಳ ಅವನ ಕೈಯಲ್ಲಿ ಬರುತ್ತಿರಲಿಲ್ಲ. ಇಬ್ಬರೂ ಟೂರ್ ಹೋದಾಗ ಇವಳು ಅವನಿಗೆ ಜೇಮ್ಸ್ ಪಿ. ಜಾನ್ಸನ್ ಅನ್ನುವ ಪಿಯಾನೋ ವಾದಕನ ಪಿಯಾನೋ ರೋಲ್‌ಗಳನ್ನು, ಅಂದರೆ ಪಿಯಾನೋ ತಾನಾಗಿಯೇ ನುಡಿಯುವಂತೆ ಮಾಡುವ ತೂತು ಹಾಕಿದ ಕಾಗದದ ಸುರುಳಿಗಳನ್ನು, ಕೊಟ್ಟು, ಇದನ್ನು ಕೇಳಿ ಕಲಿ ಅಂದಳು. ಮುಂದೆ ಜಾಜ್ ಬ್ಯಾಂಡುಗಳ ದೊಡ್ಡ ಹೆಸರಾದ ಮನುಷ್ಯನಿಗೆ ಹೀಗೂ ಒಂದು ಪಾಠ ಆಗಿತ್ತು.

ಅವಳು ಹಾಡುವಾಗ ಏನು ಮಾಡುತ್ತಿದ್ದಳು ಅಂತ ತಿಳಿಯಬೇಕಾದರೆ 1932ರ ಒಂದು ರೆಕಾರ್ಡ್ ಕೇಳಿ. ಡ್ಯೂಕ್ ಎಲಿಂಗ್ಟನ್‌ನ ವಾದ್ಯತಂಡದ ಜೊತೆ ಹಾಡಿದ್ದು, ಪ್ರೀತಿ ಬಿಟ್ಟು ಬೇರೇನೂ ನಿನಗೆ ಕೊಡಲಾರೆ ಅನ್ನುವ ಹಾಡು. ಮೊದಲ ಸುತ್ತು ಬಹಳ ನಾಜೂಕಾಗಿ, ಸಭ್ಯ ಹೆಂಗಸಿನ ಹಾಗೆ ಹಾಡುತ್ತಾಳೆ. ಎರಡನೇ ಸುತ್ತಿಗೆ ಇದ್ದಕ್ಕಿದ್ದಂತೆ ಗಂಟಲು ಒರಟಾಗುತ್ತೆ, ಪದಗಳು ಮುರಿದು ಬರೀ ಸದ್ದಾಗುತ್ತವೆ. ಅದು ಒರಟು ಗಂಟಲಿನ ಜಾಜ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್! ಅವನನ್ನು ಅಣಕಿಸುತ್ತಿದ್ದಾಳೆ, ಆದರೆ ಪ್ರೀತಿಯಿಂದ. ಮೂರು ನಿಮಿಷದ ಹಾಡಿನಲ್ಲಿ ಇಬ್ಬರು ಮನುಷ್ಯರು ಬಂದು ಹೋಗುತ್ತಾರೆ. ಮೊದಲ ಸಲ ಕೇಳಿದಾಗ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಚಾಕು ಕೆಳಗಿಟ್ಟು ಫೋನ್ ನೋಡಿದೆ, ಸುಮ್ನೆ ಬೇರೆ ಹಾಡೇ ಶುರುವಾಯಿತೇನೋ ಅಂತ.

ಈಗ 1933. ಈ ಒಂದು ವರ್ಷದ ಬಗ್ಗೆ ಜಾಸ್ತಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಾರ್ಲೆಮ್‌ನಲ್ಲಿ ಕಾಟನ್ ಕ್ಲಬ್ ಅಂತ ಇತ್ತು. ಹಾಡುವವರು, ಕುಣಿಯುವವರೆಲ್ಲ ಕಪ್ಪು ಜನ, ಕೂತು ನೋಡುವವರು ಬಿಳಿಯರು. ಅಲ್ಲಿಗೆ ಹ್ಯಾರಲ್ಡ್ ಆರ್ಲೆನ್ ಮತ್ತು ಟೆಡ್ ಕೋಲರ್ ಒಂದು ಹೊಸ ಹಾಡು ಬರೆದರು, ಸ್ಟಾರ್ಮಿ ವೆದರ್. ಗಂಡು ಬಿಟ್ಟು ಹೋಗಿದ್ದಾನೆ, ಆಕಾಶದಲ್ಲಿ ಬಿಸಿಲೇ ಇಲ್ಲ, ಮಳೆ ನಿಲ್ಲುತ್ತಿಲ್ಲ, ಅಷ್ಟೇ ಹಾಡು. ಕ್ಲಬ್ಬಿನವರು ಗುಡುಗು ಬಿರುಗಾಳಿಯ ಸದ್ದು ಮಾಡುವ ಯಂತ್ರಗಳನ್ನೆಲ್ಲ ಜೋಡಿಸಿ ಕೂತಿದ್ದರು. ಎಥೆಲ್ ನೋಡಿ ಇದೆಲ್ಲ ಬೇಡ ಅಂದಳು. ಇದು ಮನುಷ್ಯರ ಸಂಕಟದ ಹಾಡು, ಯಂತ್ರದ ಸದ್ದಿನಿಂದ ಆಗುವ ಕೆಲಸ ಅಲ್ಲ ಅಂತ. ಆಗ ಅವಳ ಎರಡನೇ ಸಂಸಾರವೂ ಒಡೆಯುತ್ತಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನು ಅಲ್ಲಿ ನಿಂತು ಹಾಡಿದೆ ಅಂತ ಮುಂದೆ ಆತ್ಮಕಥೆಯಲ್ಲಿ ಬರೆದಳು. ಗುಡುಗನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದಳು ನೋಡಿ, ಇದು ಗಾಯಕಿಯ ತೀರ್ಮಾನವೋ ನಟಿಯ ತೀರ್ಮಾನವೋ? ನನಗೆ ಗೆರೆ ಎಳೆಯೋಕೆ ಆಗಲ್ಲ.

ಅದನ್ನು ಕೇಳಿದವರಲ್ಲಿ ಇರ್ವಿಂಗ್ ಬರ್ಲಿನ್ ಒಬ್ಬ. ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ಹಾಡು ಕಟ್ಟುವವರ ಯಜಮಾನ ಅನ್ನಬಹುದು. ಅವನು ಆಗ ಪತ್ರಿಕೆಯ ಹೆಡ್‌ಲೈನುಗಳನ್ನೇ ಇಟ್ಟುಕೊಂಡು ಒಂದು ಪ್ರದರ್ಶನ ಮಾಡುತ್ತಿದ್ದ, ಆ್ಯಸ್ ಥೌಸಂಡ್ಸ್ ಚಿಯರ್. ಒಂದು ಹೆಡ್‌ಲೈನ್ ಕಾಣುತ್ತೆ, ಅದರ ಮೇಲೆ ಒಂದು ತಮಾಷೆ ಅಥವಾ ಹಾಡು. ಹವಾಮಾನದ ಸುದ್ದಿಗೆ ಎಥೆಲ್‌ಳ ಹೀಟ್ ವೇವ್, ಜನ ಕುಣಿದುಬಿಡುವಂಥದ್ದು. ಆಮೇಲೆ ಇನ್ನೊಂದು ಹೆಡ್‌ಲೈನ್: ಉದ್ರಿಕ್ತ ಗುಂಪಿನಿಂದ ಅಪರಿಚಿತ ನೀಗ್ರೋ ಹತ್ಯೆ. ಆ ಕಾಲದಲ್ಲಿ ಕಪ್ಪು ಜನರನ್ನು ಗುಂಪು ಸೇರಿ ಮರಕ್ಕೆ ನೇಣು ಹಾಕುವುದು ನಡೆಯುತ್ತಲೇ ಇತ್ತು. ಪರದೆ ಸರಿದರೆ ಒಬ್ಬ ಹೆಂಗಸು ರಾತ್ರಿ ಊಟಕ್ಕೆ ಮೇಜು ಅಣಿ ಮಾಡುತ್ತಿದ್ದಾಳೆ. ಹಾಡಿನ ಹೆಸರೇ ಸಪ್ಪರ್ ಟೈಮ್, ಊಟದ ಹೊತ್ತು. ಊಟದ ಹೊತ್ತಾಯಿತು, ತಟ್ಟೆ ಇಡಬೇಕು, ಕೈ ಆಡುತ್ತಿಲ್ಲ, ಅವನು ಇನ್ನು ಮನೆಗೆ ಬರಲ್ಲ. ಮಕ್ಕಳು ಅಪ್ಪ ಎಲ್ಲಿ ಅಂತ ಕೇಳಿದರೆ ಏನು ಹೇಳಲಿ? ಇಡೀ ಹಾಡಿನಲ್ಲಿ ಕೊಲೆ ಅನ್ನುವ ಪದ ಇಲ್ಲ, ಹಗ್ಗ ಇಲ್ಲ, ಗುಂಪು ಇಲ್ಲ. ತಟ್ಟೆ ಇದೆ, ಮಕ್ಕಳಿದ್ದಾರೆ, ದೇವರಿಗೆ ಕೃತಜ್ಞತೆ ಹೇಗೆ ಹೇಳಲಿ ಅನ್ನುವ ಪ್ರಶ್ನೆ ಇದೆ. ಚೆನ್ನಾಗಿ ಉಡುಗೆ ತೊಟ್ಟು ನಗಲು ಬಂದು ಕೂತಿದ್ದ ಬಿಳಿ ಜನರೆದುರು ಇದು! ಇಷ್ಟು ಭಾರದ ಹಾಡು ಬೇಕಾ ಅಂತ ಕೆಲವರು ಹಿಂಜರಿದರು, ಹಾಡು ಉಳಿಯಿತು.

ಅದೇ ಪ್ರದರ್ಶನದ ಇನ್ನೊಂದು ಕಥೆ ಹೇಳುತ್ತಾರೆ. ಕೊನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ವಂದಿಸುತ್ತಾರಲ್ಲ, ಉಳಿದ ಬಿಳಿಯ ತಾರೆಯರು ಕಪ್ಪು ಹೆಂಗಸಿನ ಪಕ್ಕ ನಿಂತು ವಂದಿಸಲ್ಲ ಅಂದರಂತೆ. ಹಾಗಾದರೆ ಯಾರೂ ವಂದಿಸುವುದೇ ಬೇಡ ಅಂದನಂತೆ ಬರ್ಲಿನ್. ಮಾರನೇ ದಿನ ಎಲ್ಲರೂ ಸುಮ್ಮನೆ ಸಾಲಿನಲ್ಲಿ ನಿಂತರು. ಆ ಪ್ರದರ್ಶನ 400 ಸಲ ನಡೆಯಿತು. ಬ್ರಾಡ್‌ವೇಯಲ್ಲಿ ಎಲ್ಲರಿಗಿಂತ ಜಾಸ್ತಿ ಸಂಬಳ ತೆಗೆದುಕೊಳ್ಳುವವರ ಸಾಲಿಗೆ ರೂಮ್ ಗುಡಿಸುತ್ತಿದ್ದವಳು ಸೇರಿದಳು.

ಹಾಡನ್ನೇ ನೆಚ್ಚಿಕೊಳ್ಳದೆ ಗೆಲ್ಲಬಲ್ಲಳಾ ಅನ್ನುವ ಪ್ರಶ್ನೆ ಉಳಿದಿತ್ತು. 1939ರ ಜನವರಿ 3ರಂದು ಎಂಪೈರ್ ಥಿಯೇಟರಿನಲ್ಲಿ ಮಾಂಬಾಸ್ ಡಾಟರ್ಸ್ ನಾಟಕ. ಹೇಗರ್ ಅನ್ನುವ ತಾಯಿಯ ಪಾತ್ರ. ಮಾತು ಕಡಿಮೆ, ಮೈಯಲ್ಲಿ ಬಲ ಜಾಸ್ತಿ, ಮಗಳಿಗೋಸ್ಕರ ಏನು ಬೇಕಾದರೂ ಮಾಡುವ ಹೆಂಗಸು. ಎಥೆಲ್‌ಗೆ ಹೇಗರ್‌ಳಲ್ಲಿ ತನ್ನ ತಾಯಿಯೇ ಕಂಡಳು, ತನ್ನನ್ನು ಹತ್ತಿರ ಬಿಟ್ಟುಕೊಳ್ಳದ ಅದೇ ತಾಯಿ. ಮೊದಲ ರಾತ್ರಿ ನಾಟಕ ಮುಗಿದ ಮೇಲೆ 17 ಸಲ ಪರದೆ ಎತ್ತಬೇಕಾಯಿತು. ನಮ್ಮ ಕಂಪನಿ ನಾಟಕಗಳಲ್ಲಿ ವನ್ಸ್ ಮೋರ್ ಅಂತ ಕೂಗುತ್ತಿದ್ದರಲ್ಲ, ಅಲ್ಲಿ ಪದ್ಧತಿ ಬೇರೆ, ಚಪ್ಪಾಳೆ ನಿಲ್ಲುವ ತನಕ ಪರದೆ ಮೇಲಕ್ಕೆ ಹೋಗುತ್ತಲೇ ಇರಬೇಕು. ಆದರೆ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಬ್ರೂಕ್ಸ್ ಅಟ್ಕಿನ್ಸನ್‌ಗೆ ಇವಳ ನಟನೆ ಹಿಡಿಸಲಿಲ್ಲ. ರಂಗಭೂಮಿಯ ಹಲವರು ಸೇರಿ, ಕೈಯಿಂದ ದುಡ್ಡು ಹಾಕಿ, ಅದೇ ಪತ್ರಿಕೆಯಲ್ಲಿ ಇವಳ ನಟನೆ ಹೊಗಳಿ ಜಾಹೀರಾತು ಕೊಟ್ಟರು. ಅಟ್ಕಿನ್ಸನ್ ಮತ್ತೆ ಹೋಗಿ ನಾಟಕ ನೋಡಿ ತನ್ನ ಮಾತು ಬದಲಿಸಿದ. ವಿಮರ್ಶಕರು ಹಾಗೆ ಮಾಡುವುದು ಅಪರೂಪ, ಅದಕ್ಕೆ ಅವನಿಗೂ ಒಂದು ನಮಸ್ಕಾರ.

ಇನ್ನು ಅವಳ ಸಿಟ್ಟು. ಅದನ್ನು ಬಿಟ್ಟು ಕಥೆ ಹೇಳಿದರೆ ಮೋಸ. 1940ರಲ್ಲಿ ಕ್ಯಾಬಿನ್ ಇನ್ ದ ಸ್ಕೈ ನಾಟಕ ಮಾಡಿದಳು, ಅದನ್ನೇ ಹಾಲಿವುಡ್‌ನ ಎಂಜಿಎಂ ಕಂಪನಿಯವರು ಸಿನಿಮಾ ಮಾಡಿದರು, 1943ರಲ್ಲಿ ಬಂತು. ಜೊತೆಗೆ ಲೀನಾ ಹಾರ್ನ್, ಇಪ್ಪತ್ತೈದರ ಚೆಲುವೆ. ಶೂಟಿಂಗ್ ವೇಳೆ ಲೀನಾಳ ಕಾಲಿಗೆ ಪೆಟ್ಟಾಗಿ, ಯಾರೋ ದಿಂಬು ತಂದುಕೊಟ್ಟರು. ಎಥೆಲ್ ಸ್ಫೋಟವಾದಳು. ಎಲ್ಲರೆದುರು ಬೈಗುಳದ ಮಳೆ. ಆಮೇಲೆ ಆರು ವರ್ಷ ಒಂದು ಸಿನಿಮಾನೂ ಇಲ್ಲ. ದಿಂಬು ಒಂದು ನೆಪ ಅಷ್ಟೇ ಅಂತ ನನ್ನ ಊಹೆ. ಹತ್ತು ಡಾಲರಿನ ಕಾಲದಿಂದ ಜನ ತನ್ನ ದುಡ್ಡು ಹೊಡೆದದ್ದನ್ನೇ ನೋಡಿದ್ದವಳು, ಯಾರನ್ನೂ ನಂಬುತ್ತಿರಲಿಲ್ಲ. ಹಾಗಂತ ಆ ಹುಡುಗಿಯನ್ನು ಬೈದದ್ದು ಸರಿ ಅಂತ ನಾನು ಹೇಳಲ್ಲ.

1949ರಲ್ಲಿ ಪಿಂಕಿ ಸಿನಿಮಾದ ಅಜ್ಜಿಯ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು. ಹ್ಯಾಟಿ ಮೆಕ್‌ಡೇನಿಯಲ್ ಆದ ಮೇಲೆ ಅಲ್ಲಿಗೆ ಮುಟ್ಟಿದ ಎರಡನೇ ಕಪ್ಪು ಕಲಾವಿದೆ ಇವಳು. ಪಾತ್ರ ಮಾತ್ರ ಅದೇ, ಬಟ್ಟೆ ಒಗೆಯುವವಳು. ಕಪ್ಪು ನಟಿಗೆ ಕೆಲಸದವಳ ಪಾತ್ರ ಬಿಟ್ಟರೆ ಬೇರೆ ಕೊಡುತ್ತಲೇ ಇರಲಿಲ್ಲ, ಅಲ್ವಾ. ಆಮೇಲೆ ಬಂದ ತಲೆಮಾರಿನವರು ಇದನ್ನು ಇಟ್ಟುಕೊಂಡು ಇವಳ ಬಗ್ಗೆ ಮುಖ ಸಿಂಡರಿಸಿದರು. ನನಗೆ ಆ ದೂರು ಅರ್ಥವಾಗುತ್ತೆ. ಆದರೆ ಇವಳ ಮಟ್ಟಿಗೆ ಕೆಲಸದವಳು ಅಂದರೆ ಸಿನಿಮಾದವರು ಕಲ್ಪಿಸಿದ ಗೊಂಬೆಯಲ್ಲ. ಅಜ್ಜಿ ಸ್ಯಾಲಿ. ಮತ್ತೆ ಕನ್ನಡಿ ಮುಂದಿನ ಆ ಹುಡುಗಿ.

1950ರ ಜನವರಿಯಲ್ಲಿ, ಅದೇ ಎಂಪೈರ್ ಥಿಯೇಟರ್, ಕಾರ್ಸನ್ ಮೆಕಲರ್ಸ್ ಬರೆದ ದ ಮೆಂಬರ್ ಆಫ್ ದ ವೆಡ್ಡಿಂಗ್. ಇವಳದು ಬೆರೆನೀಸ್, ಮನೆಗೆಲಸದ ಹೆಂಗಸು, ಒಂದು ಕಣ್ಣಿಲ್ಲ, ಕಪ್ಪು ಪಟ್ಟಿ. ಮೊದಲು ಓದಿದಾಗ ಇದರಲ್ಲಿ ದೇವರೇ ಇಲ್ಲವಲ್ಲ, ನಾನು ಮಾಡಲ್ಲ ಅಂದಿದ್ದಳು. ಆಗ ಕೈಯಲ್ಲಿ ಕೆಲಸವೂ ಇಲ್ಲ, ದುಡ್ಡೂ ಇಲ್ಲ, ಆದರೂ! ಕೊನೆಗೆ ಪಾತ್ರವನ್ನು ತನಗೆ ತೋಚಿದ ಹಾಗೆ ಮಾಡಲು ಬಿಟ್ಟ ಮೇಲೆ ಒಪ್ಪಿದಳು. ನಾಟಕದಲ್ಲಿ ಹಾಡಲು ಆರಿಸಿಕೊಂಡದ್ದು ಚಿಕ್ಕಂದಿನಿಂದ ಗೊತ್ತಿದ್ದ ಭಜನೆಯಂಥ ಹಾಡು, ದೇವರ ಕಣ್ಣು ಗುಬ್ಬಚ್ಚಿಯ ಮೇಲೂ ಇದೆ ಅನ್ನುವುದು. ನಾಟಕ 501 ಪ್ರದರ್ಶನ ಕಂಡಿತು. 1952ರಲ್ಲಿ ಅದು ಸಿನಿಮಾ ಆಯಿತು, ಇವಳ ಜೊತೆ ಜೂಲಿ ಹ್ಯಾರಿಸ್ ಮತ್ತು ಬ್ರ್ಯಾಂಡನ್ ಡಿ ವೈಲ್ಡ್ ಅನ್ನುವ ಪುಟ್ಟ ಹುಡುಗ ನಾಟಕದಲ್ಲೂ ಇದ್ದರು, ಸಿನಿಮಾದಲ್ಲೂ ಇದ್ದಾರೆ.

ಕೊನೆಯ ಇಪ್ಪತ್ತು ವರ್ಷ ಹೆಚ್ಚಾಗಿ ಹಾಡಿದ್ದು ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಸಭೆಗಳಲ್ಲಿ. 1957ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಸಭೆಗೆ ಹೋದವಳು ಅವರ ಗಾಯನತಂಡದಲ್ಲೇ ಕೂತುಬಿಟ್ಟಳು. ತೆರಿಗೆ ಬಾಕಿ, ಸಾಲ, ತೂಕ, ಸಕ್ಕರೆ ಕಾಯಿಲೆ, ಅದೆಲ್ಲ ಇತ್ತು.

ನೀವು ಮನೆಗೆ ಹೋಗಿ ಒಂದೇ ಒಂದು ನೋಡುವುದಾದರೆ ಆ 1952ರ ಸಿನಿಮಾದ ಅಡುಗೆಮನೆಯ ದೃಶ್ಯ ನೋಡಿ. ಸಂಜೆ. ಬೆರೆನೀಸ್ ಕುರ್ಚಿಯಲ್ಲಿ ಕೂತಿದ್ದಾಳೆ. ಜೂಲಿ ಹ್ಯಾರಿಸ್ ಮಾಡಿದ ಹಟಮಾರಿ ಹುಡುಗಿ ಅವಳಿಗೆ ಒರಗಿಕೊಂಡಿದೆ, ಪುಟ್ಟ ಹುಡುಗ ಇನ್ನೊಂದು ಕಡೆ. ಎಥೆಲ್ ಗುಬ್ಬಚ್ಚಿಯ ಹಾಡು ಎತ್ತಿಕೊಳ್ಳುತ್ತಾಳೆ, ದನಿ ಏರಿಸದೆ. ಮಕ್ಕಳೂ ತಮಗೆ ಬಂದ ಹಾಗೆ ಸೇರಿಕೊಳ್ಳುತ್ತವೆ, ಇವಳು ಅವರಿಗೋಸ್ಕರ ಇನ್ನೂ ಸ್ವಲ್ಪ ಮೆಲ್ಲಗೆ ಹಾಡುತ್ತಾಳೆ.